ಸವತಿಕೆಂಡದ ಗುಡ್ಡ

ಬಿದಿರಮಾಳದ ದಾರಿಯಲ್ಲಿ ಬಸ್ಸು ಕೊನೆಯ ತಿರುವು ದಾಟಿದೊಡನೆ ಎಡಗಡೆಗೆ ಒಂದು ಗುಡ್ಡ ಎದ್ದು ಕಾಣುತ್ತದೆ. ಅದರ ಮೂಡಣ ಮಗ್ಗುಲಿನಲ್ಲಿ ದಿಂಡಿಗ, ತಾರೆ, ಹೊನ್ನೆ, ನೆಲ್ಲಿ ಒತ್ತಾಗಿ ಬೆಳೆದಿವೆ. ಊರಿನ ಕಡೆಗಿರುವ ಪಡುವಣ ಮಗ್ಗುಲು ಮಾತ್ರ ಮುಡಿ ಕೊಟ್ಟ ತಲೆಯಂತೆ ಬೋಳಾಗಿದೆ. ಕಪ್ಪು ಬಂಡೆ, ಬಂಡೆಯ ಸಂದಿಯಲ್ಲಿ ಈಚಲ ಪೊದೆ, ಮಳೆಗೆ ಕೊರೆದುಹೋದ ಕೆಮ್ಮಣ್ಣು, ಇಷ್ಟೇ. ಒಂದೇ ಗುಡ್ಡಕ್ಕೆ ಎರಡು ಮೈ ಹೇಗೆ ಬಂತೆಂದು ಬಂದವರೆಲ್ಲ ಕೇಳುತ್ತಾರೆ. ಊರ ಗುಡಿಯ ಪೂಜಾರಿಯನ್ನು ಕೇಳಿದರೆ, ಅಕ್ಕತಂಗಿಯರಾದ ಇಬ್ಬರು ದೇವಿಯರು ಮುನಿಸಿಕೊಂಡು ಗುಡ್ಡವನ್ನು ಪಾಲು ಮಾಡಿಕೊಂಡರು ಎಂದು ಹೇಳಿ ತಟ್ಟೆ ಮುಂದೆ ಹಿಡಿಯುತ್ತಾನೆ. ಪಾಪ, ದೇವಿಯರ ಮೇಲೆ ಯಾಕೆ ಹೊರಿಸಬೇಕು? ಇದು ನಮ್ಮ ಊರಿನ ಮನೆಯೊಂದರ ರಂಪ. ಗುಡ್ಡದ ಹೆಸರು ಸವತಿಕೆಂಡದ ಗುಡ್ಡ. ಹೆಸರಿನಲ್ಲೇ ಸವತಿ ಕೂತಿರುವಾಗ ಮುಚ್ಚಿಡುವುದು ಏನಿದೆ?

ಹಿಂದೆ ಒಮ್ಮೆ, ಪಾಳೆಯಗಾರರ ಕುದುರೆಗಳು ಇನ್ನೂ ಈ ಕಡೆ ಓಡಾಡುತ್ತಿದ್ದ ಕಾಲದಲ್ಲಿ, ಬಿದಿರಮಾಳಕ್ಕೆ ಮುದ್ದೇಗೌಡ ಎಂಬವನು ಗೌಡನಾಗಿದ್ದನು. ಆಗ ಊರಿನಲ್ಲಿ ಒಂದು ಪದ್ಧತಿಯಿತ್ತು. ಅವರೆ ಒಕ್ಕಣೆ ಮುಗಿದು, ಸಂಕ್ರಾಂತಿ ಕಳೆದು, ಇಬ್ಬನಿ ಇನ್ನೂ ಹುಲ್ಲಿನ ಬುಡ ಬಿಡದಿರುವ ದಿನಗಳಲ್ಲಿ ಗೌಡನ ಹೆಂಡತಿ ತನ್ನ ಒಲೆಯ ಕೆಂಡವನ್ನು ಮಡಕೆಯಲ್ಲಿ ಹೊತ್ತು ಗುಡ್ಡದ ಬುಡಕ್ಕೆ ಹೋಗಿ ಒಣಹುಲ್ಲಿಗೆ ಇಡಬೇಕು. ಆ ಕಾಲದ ಬೆಂಕಿ ಸಾಧು ಬೆಂಕಿ. ಮೇಯುವ ಕರುವಿನಂತೆ ಮೆಲ್ಲಗೆ ಮುಂದೆ ಹೋಗಿ ಹಳೆಯ ಹುಲ್ಲು, ತರಗೆಲೆಗಳನ್ನಷ್ಟೇ ತಿಂದು, ಸಂಜೆಯ ಮಂಜು ಬಿದ್ದೊಡನೆ ತಾನಾಗಿ ಮಲಗುತ್ತಿತ್ತು. ಮರದ ತೊಗಟೆಗೆ ಏನೂ ಆಗುತ್ತಿರಲಿಲ್ಲ. ಮೊಲ, ಹಾವು, ಕಾಡುಕೋಳಿಗಳಿಗೆ ಸರಿದುಕೊಳ್ಳಲು ಹೊತ್ತಿರುತ್ತಿತ್ತು. ದನಗಳ ಮೈಗೆ ಹತ್ತುವ ಉಣ್ಣೆಹುಳ ಸಾಯುತ್ತಿತ್ತು, ಮೊದಲ ಮಳೆಗೆ ಎಳೆಹುಲ್ಲು ಏಳುತ್ತಿತ್ತು. ಬೇಸಿಗೆಯಲ್ಲಿ ಎಲ್ಲಿಂದಲೋ ಕಿಡಿ ಬಿದ್ದರೂ ಹತ್ತಿಕೊಳ್ಳಲು ಗುಡ್ಡದಲ್ಲಿ ಏನೂ ಉಳಿದಿರುತ್ತಿರಲಿಲ್ಲ. ಆ ಮಡಕೆ ಯಾರ ಕಂಕುಳಲ್ಲಿತ್ತೋ ಅವಳೇ ಊರಿಗೆ ಗೌಡತಿ. ಮೈತುಂಬ ಒಡವೆ ಹೇರಿಕೊಂಡರೂ ಮಡಕೆ ಮುಟ್ಟದವಳನ್ನು ಗೌಡತಿ ಎನ್ನುತ್ತಿರಲಿಲ್ಲ.

ಮುದ್ದೇಗೌಡನ ಮೊದಲ ಹೆಂಡತಿ ಕೆಂಪಾಜಮ್ಮ. ಮದುವೆಯಾಗಿ ಬಂದ ವರ್ಷದಿಂದ ಆ ಮಡಕೆ ಅವಳದೇ. ಮಕ್ಕಳಾಗಲಿಲ್ಲ. ಆ ನೆಪ ಹಿಡಿದು ಗೌಡ ಹೊಳೆಸಾಲಿನ ಕಡೆಯಿಂದ ಹೊನ್ನಮ್ಮ ಎಂಬ ಎಳೆಯ ಹುಡುಗಿಯನ್ನು ಕಟ್ಟಿಕೊಂಡು ಬಂದನು. ನೆಪ ಎಂದೆ, ಯಾಕೆಂದರೆ ಆ ಗೌಡನಿಗೆ ಊರಾಚೆ ಹೆಂಡ ಮಾರುವ ವಿಧವೆಯ ಮನೆಯೂ ಇತ್ತು. ಅಲ್ಲಿಗೆ ಹೋಗುತ್ತಿದ್ದುದು ಯಾವ ಮಕ್ಕಳಿಗಾಗಿ? ಇರಲಿ. ಹೊನ್ನಮ್ಮ ಗಂಡು ಹೆತ್ತಳು. ಮಗುವಿಗೆ ಮಾದನೆಂದು ಹೆಸರಿಟ್ಟರು. ಆ ಕೂಸೋ, ಹೆತ್ತವಳಿಗಿಂತ ದೊಡ್ಡವ್ವನನ್ನೇ ಅಂಟಿಕೊಂಡಿತು. ಕೆಂಪಾಜಮ್ಮನ ಸೊಂಟದಿಂದ ಇಳಿಯದು, ಅವಳ ಕೈತುತ್ತಲ್ಲದೆ ನುಂಗದು. ಅದನ್ನು ಕಂಡಾಗಲೆಲ್ಲ ಹೊನ್ನಮ್ಮನಿಗೆ ಮೈಯೆಲ್ಲ ಮೆಣಸಿನಕಾಯಿ ಅರೆದು ಹಚ್ಚಿದಂತಾಗುತ್ತಿತ್ತು.

ಮಗುವಿಗೆ ಮೂರು ತುಂಬಿದ ವರ್ಷ, ಸಂಕ್ರಾಂತಿ ಕಳೆದ ಮೇಲೆ, ಕೆಂಪಾಜಮ್ಮ ಒಲೆಯ ಮುಂದೆ ಕೂತು ಮಡಕೆಗೆ ಕೆಂಡ ತೋಡುತ್ತಿರುವಾಗ ಹೊನ್ನಮ್ಮ ಬಾಗಿಲಿಗೆ ಅಡ್ಡ ನಿಂತಳು. ಊರವರು ತಮಟೆ ಹಿಡಿದು ಹೊರಗೆ ಕಾಯುತ್ತಿದ್ದರು.

“ಅಕ್ಕ, ಮಡಕೆ ಇತ್ತ ಕೊಡು. ಗಂಡು ಹೆತ್ತವಳು ನಾನು.”

“ಹೆತ್ತದ್ದಕ್ಕೆ ತೊಟ್ಟಿಲು ಕೊಟ್ಟರಲ್ಲಮ್ಮಿ, ತೂಗಿಕೊ ಹೋಗು. ಇದಕ್ಕೆ ಗಾಳಿ ಗೊತ್ತಿರಬೇಕು, ಹುಲ್ಲು ಗೊತ್ತಿರಬೇಕು.”

“ಹುಲ್ಲಿಗೆ ಕೆಂಡ ಇಡೋಕೆ ಏನು ವಿದ್ಯೆ ಬೇಕು? ನಮ್ಮೂರಲ್ಲಿ ಕಬ್ಬಿನ ಗರಿಗೆ ನಾಲ್ಕು ವರ್ಷದ ಹೆಣ್ಣುಮಗು ಬೆಂಕಿ ಇಡ್ತದೆ.”

ಮಾತಿಗೆ ಮಾತು ಬೆಳೆದು ಕೈಗೆ ಕೈ ಹತ್ತಿತು. ಹೊನ್ನಮ್ಮ ಮಡಕೆ ಕಿತ್ತುಕೊಂಡು ಸವತಿಯ ಹಣೆಗೇ ಅಪ್ಪಳಿಸಿದಳು. ಒಡೆದ ಮಡಕೆಯ ಓಡು ಹಣೆ ಸೀಳಿತು, ಕೆಂಡ ಸೀರೆಯ ಮಡಿಲಲ್ಲಿ ಬಿದ್ದಿತು. ಕೆಂಪಾಜಮ್ಮ ಬೆಂಕಿ ಕೊಡವಿಕೊಂಡು, ಕಣ್ಣಿಗಿಳಿದ ರಕ್ತ ಒರೆಸಿಕೊಂಡು, “ಈ ಸಲ ಇಬ್ಬನಿಯಲ್ಲಿ ಸುಡದಿದ್ದರೆ ಈ ಗುಡ್ಡ ಬೇಸಿಗೆಯಲ್ಲಿ ಹತ್ತಿ ಉರೀತದೆ, ಊರನ್ನೂ ತಿಂತದೆ, ನೋಡ್ತಿರಿ” ಎಂದಳು. ಅವಳು ಹೇಳಿದ್ದು ಎಚ್ಚರಿಕೆ. ಹೊರಗೆ ನಿಂತವರ ಕಿವಿಗೆ ಬಿದ್ದದ್ದು ಶಾಪ. ಪಂಚಾಯಿತಿಯಲ್ಲಿ ಮೀಸೆ ತಿರುವುವ ಮುದ್ದೇಗೌಡ ಎರಡು ಸೀರೆಗಳ ನಡುವೆ ಸಿಕ್ಕ ಬೆಕ್ಕಿನ ಮರಿಯಾಗಿ, “ಈ ವರ್ಷ ಇಬ್ಬರೂ ಬೇಡ, ಕೆಂಡವೇ ಬೇಡ” ಎಂದು ಹೇಳಿ ಹೆಂಡದವಳ ಮನೆಯ ದಾರಿ ಹಿಡಿದನು. ಕೆಂಪಾಜಮ್ಮ ಹಣೆಗೆ ಅರಿಶಿನ ಮೆತ್ತಿಕೊಂಡು, ಗುಡ್ಡದ ನಡುವೆ ಇದ್ದ ದನದ ದೊಡ್ಡಿಗೆ ಹೋಗಿ ಅಲ್ಲೇ ಉಳಿದಳು.

ಇಬ್ಬನಿಯ ದಿನಗಳು ಕಳೆದವು, ಶಿವರಾತ್ರಿಯೂ ಕಳೆಯಿತು. ಹುಲ್ಲು ಎದೆಯುದ್ದ ಒಣಗಿ ನಿಂತಿತು. ಅದರ ಹಿಂದಿನ ವರ್ಷವೇ ಗುಡ್ಡದ ಬಿದಿರೆಲ್ಲ ಹೂ ಬಿಟ್ಟು, ಬಿದಿರಕ್ಕಿ ಉದುರಿಸಿ, ನಿಂತಲ್ಲೇ ಸತ್ತಿತ್ತು. ಮುಟ್ಟಿದರೆ ಮುರಿಯುವಂಥ ಬಿದಿರು ಮೆಳೆಮೆಳೆಯಾಗಿ ನಿಂತಿತ್ತು. ಬುದ್ಧಿಯಿದ್ದವರು ಆ ಕಡೆ ಬೀಡಿ ಹಚ್ಚಲೂ ಹೆದರುತ್ತಿದ್ದರಂತೆ. ಆಗ ಬೀಡಿ ಇತ್ತೋ, ಹೊಗೆಸೊಪ್ಪಿನ ಸುರುಳಿಯೋ, ಅದು ಬಿಡಿ. ಹೀಗಿರುವಾಗ ಒಂದು ದಿನ ನೀರು ಸೇದುವ ಬಾವಿಯ ಹತ್ತಿರ ಸೂಲಗಿತ್ತಿ ಸಾಕಿ ಕೊಡ ಎತ್ತಿಕೊಳ್ಳುತ್ತ, “ಏನವ್ವ ಹೊನ್ನಮ್ಮ, ಮಡಕೆ ಒಡೆದ ಗೌಡತಿ ಅಂದರೆ ನೀನೇಯಾ?” ಎಂದಳು. ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಹೊನ್ನಮ್ಮ ಕೊಡ ಅಲ್ಲೇ ಬಿಟ್ಟು ಮನೆಗೆ ಹೋದಳು. ಪಟ್ಟೆಸೀರೆ ಉಟ್ಟಳು, ಸೊಂಟಕ್ಕೆ ಡಾಬು ಬಿಗಿದಳು, ಹೊಸ ಮಡಕೆಯಲ್ಲಿ ಕೆಂಡ ತುಂಬಿದಳು. ಗೌಡ ಊರಲ್ಲಿರಲಿಲ್ಲ. ನೆತ್ತಿಯ ಮೇಲೆ ಬಿಸಿಲು. ಬಾವಿಯಲ್ಲಿ ನಕ್ಕವರೇ ಕುತೂಹಲಕ್ಕೆ ಹಿಂದೆ ಹಿಂದೆ ಹೋದರು. ಎಲ್ಲರೂ ನೋಡುತ್ತಿರುವಂತೆ ಹೊನ್ನಮ್ಮ ಗುಡ್ಡದ ಬುಡದಲ್ಲಿ ಮಡಕೆ ಬೋರಲು ಹಾಕಿದಳು. ಒಬ್ಬಳಾದರೂ ಬೇಡವೆನ್ನಲಿಲ್ಲ. ದೊಡ್ಡಿಯಲ್ಲಿ ಸವತಿ ಇದ್ದಾಳೆಂಬುದು ಹೊನ್ನಮ್ಮನಿಗೆ ಗೊತ್ತಿತ್ತೇ? ಗೊತ್ತಿಲ್ಲದೆ ಏನು! ಪ್ರತಿವರ್ಷದ ಬೆಂಕಿ ದೊಡ್ಡಿಯನ್ನು ಸುತ್ತಿ ಹೋಗುತ್ತಿತ್ತು, ಈಗಲೂ ಹೋಗುತ್ತದೆ ಎಂದುಕೊಂಡಳು ಎಂದು ಕೆಲವರು ಎನ್ನುತ್ತಾರೆ. ಹೋಗದಿದ್ದರೆ ಇನ್ನೂ ಒಳ್ಳೆಯದು ಎಂದುಕೊಂಡಳು ಎಂದು ನಮ್ಮ ಅತ್ತೆ ಎನ್ನುತ್ತಿದ್ದರು. ಅವಳಿಗೆ ಗೊತ್ತಿಲ್ಲದಿದ್ದದ್ದು ಒಂದೇ. ಅವಳು ಕನ್ನಡಿಯ ಮುಂದೆ ಕೂತಿದ್ದಾಗ, ದೊಡ್ಡಿಗೆ ಹೊರಟಿದ್ದ ದನಗಾಹಿಯ ಹೆಗಲೇರಿ ಅವಳ ಮಗ ದೊಡ್ಡವ್ವನ ಹತ್ತಿರ ಹೋಗಿದ್ದನು.

ಬೆಂಕಿ ಮೇಯಲಿಲ್ಲ, ಹಾರಿತು. ಹಗಲಿನ ಗಾಳಿ ಗುಡ್ಡವೇರುವ ಗಾಳಿ. ಅದು ಜ್ವಾಲೆಯನ್ನು ಹಿಂದಿನಿಂದ ತಳ್ಳಿತು. ಬಿದಿರಿನ ಗೆಣ್ಣುಗಳು ಒಂದರ ಹಿಂದೊಂದು ಕೋವಿ ಹೊಡೆದಂತೆ ಸಿಡಿದವು. ಎತ್ತರದ ಕೊಂಬೆಗಳಲ್ಲಿ ಕಟ್ಟಿದ್ದ ಹೆಜ್ಜೇನು ಕರಗಿ ಉರಿಯುತ್ತ ತೊಟ್ಟಿಕ್ಕಿತು. ಮುಸುವಗಳು ಮರ ಬಿಟ್ಟು ಮರಕ್ಕೆ ನೆಗೆದು, ನೆಗೆಯಲು ಮರವಿಲ್ಲದೆ ಕೆಳಗೆ ಬಿದ್ದವು. ಮೊಟ್ಟೆಯ ಮೇಲೆ ಕೂತ ನವಿಲು ಏಳಲೇ ಇಲ್ಲ. ದನಗಾಹಿ ಬೆದರಿ, ದನಗಳನ್ನು ಹೊಡೆದುಕೊಂಡು ಮೇಲಕ್ಕೆ ಓಡಿದನು. ಕಾಡುಬೆಂಕಿಯ ಮುಂದೆ ಏರಿನಲ್ಲಿ ಓಡಿ ಗೆದ್ದವರಿಲ್ಲ. ಬಂಡೆಯ ಬಾಯಿಯಲ್ಲಿ ದನವೂ ಅವನೂ ಒಟ್ಟಿಗೆ ಸುಟ್ಟು, ಯಾವ ಮೂಳೆ ಯಾರದೆಂದು ಆರಿಸಲಾಗದೆ ಹೋಯಿತು.

ಕೆಂಪಾಜಮ್ಮ ಓಡಲಿಲ್ಲ. ಮಗುವನ್ನು ಅವುಚಿಕೊಂಡು, ಎಲೆಯಡಿಕೆ ಚೀಲದಿಂದ ಚಕಮಕಿ ಕಲ್ಲು ತೆಗೆದು, ತನ್ನ ಮೇಲುಗಡೆಯ ಹುಲ್ಲಿಗೆ ತಾನೇ ಬೆಂಕಿ ಹಚ್ಚಿದಳು. ಆ ಬೆಂಕಿ ಗಾಳಿಯೊಡನೆ ಮೇಲಕ್ಕೆ ಹೋಗಿ ಅವಳ ಮುಂದೆ ಕರಿ ನೆಲ ಬಿಟ್ಟಿತು. ಕೆಳಗಿನ ಜ್ವಾಲೆ ಬೆನ್ನಿಗೆ ಬರುವಷ್ಟರಲ್ಲಿ ಅವಳು ಆ ಬಿಸಿಬೂದಿಯ ಮೇಲೆ ಕಂಬಳಿ ಹಾಸಿ, ಮಜ್ಜಿಗೆಯ ಗಡಿಗೆಯನ್ನು ಅದರ ಮೇಲೆ ಬಗ್ಗಿಸಿ, ಮಗುವನ್ನು ಮಲಗಿಸಿ, ತಾನು ಅದರ ಮೇಲೆ ಬೋರಲು ಬಿದ್ದುಕೊಂಡಳು. ತಿನ್ನಲು ಏನೂ ಇಲ್ಲದ ನೆಲವನ್ನು ಬೆಂಕಿ ಎರಡು ಹೋಳಾಗಿ ಬಳಸಿ ಹೋಯಿತು. ಅವಳ ಬೆನ್ನಿನ ತೊಗಲು ಸೀರೆಗೆ ಅಂಟಿಕೊಂಡಿತು. ಮಗುವಿನ ಒಂದು ಪಾದಕ್ಕೆ ಬೊಬ್ಬೆ ಬಂದದ್ದು ಬಿಟ್ಟರೆ ಏನೂ ಆಗಲಿಲ್ಲ. ಆದರೆ ಊರಿನಿಂದ ನೋಡಿದವರಿಗೆ ಕಂಡದ್ದೇನು? ಗುಡ್ಡದ ನಡುವೆ, ದೊಡ್ಡಿಯ ಹತ್ತಿರ, ಇನ್ನೊಂದು ಹೊಗೆ. “ಅಗೋ, ಬಂಜೆ ಹಚ್ಚಿದಳು! ಅಂದಂಗೇ ಮಾಡಿದಳು!” ಎಂದು ಮೊದಲು ಕೂಗಿದವಳು ಹೊನ್ನಮ್ಮ ಎನ್ನುತ್ತಾರೆ. ಮಗ ಮನೆಯಲ್ಲಿಲ್ಲವೆಂದು ಆಗ ತಾನೇ ಗೊತ್ತಾಗಿ ಎದೆ ಬಡಿದುಕೊಳ್ಳುತ್ತಿದ್ದಳಂತೆ.

ಹೊತ್ತು ಇಳಿದಾಗ ಗಾಳಿ ತಿರುಗಿತು. ಹಗಲು ಏರುವ ಗಾಳಿ ಸಂಜೆಗೆ ಇಳಿಯುತ್ತದೆ ಎಂಬುದನ್ನು ಹೊಳೆಸಾಲಿನವಳು ಎಲ್ಲಿ ಕಂಡಾಳು? ಉರಿಯುವ ಮರದ ಬೊಡ್ಡೆಗಳು ಉರುಳಿಕೊಂಡು ಬಂದವು. ಮೈಗೆ ಬೆಂಕಿ ಹತ್ತಿದ ಮೊಲವೊಂದು ಓಡಿಬಂದು ಹುಲ್ಲಿನ ಬಣವೆಯೊಳಗೆ ನುಗ್ಗಿತು. ಬಣವೆಯಿಂದ ಮನೆಯ ಹುಲ್ಲುಮಾಡಿಗೆ, ಮಾಡಿನಿಂದ ಮಾಡಿಗೆ ಬೆಂಕಿ ಜಿಗಿಯಿತು. ನಡೆಯಲಾರದ ಮುದುಕರು ಒಳಗೇ ಉಳಿದರು. ಕೊಟ್ಟಿಗೆಯಲ್ಲಿ ಕಟ್ಟಿದ ಎಮ್ಮೆಗಳ ಕೂಗು ನಿಲ್ಲುವ ತನಕ ಜನ ಕೆರೆಯಲ್ಲಿ ಕುತ್ತಿಗೆವರೆಗೆ ನಿಂತಿದ್ದರು. ಅದೇ ನೀರಿನಲ್ಲಿ ಜಿಂಕೆಯೂ ಚಿರತೆಯೂ ಒಂದನ್ನೊಂದು ನೋಡದೆ ನಿಂತಿದ್ದವಂತೆ.

ಆಗ ಹೊಗೆಯೊಳಗಿಂದ ಕೆಂಪಾಜಮ್ಮ ಮಗುವನ್ನು ಎತ್ತಿಕೊಂಡು ಇಳಿದು ಬಂದಳು. ಅಷ್ಟು ಹೊತ್ತಿಗೆ ಮುದ್ದೇಗೌಡನೂ ಬಂದಿದ್ದನು. ಅವಳು ಮಗುವನ್ನು ಕೆಳಗಿಳಿಸಿ, “ಇವನ ಕಾಲಿಗೆ ಬೆಣ್ಣೆ ಹಚ್ಚಿ” ಎಂದಳು.

“ಯಾರು ಹಚ್ಚಿದ್ದು ಬೆಂಕಿ?” ಎಂದನು ಗೌಡ.

“ನನ್ನ ಯಾಕೆ ಕೇಳ್ತೀರಿ? ನಿಂತು ನೋಡಿದವರು ಅಗೋ ಅಲ್ಲಿದ್ದಾರೆ, ಅವರನ್ನ ಕೇಳಿ.”

ಬಾವಿಯ ಹೆಂಗಸರು ನೆಲ ನೋಡಿದರು. ಅದೇ ಸಾಕಿ, ಊರೆಲ್ಲರ ಗುಟ್ಟು ಬಾಯಿಯಲ್ಲಿಟ್ಟುಕೊಂಡು ತಿರುಗುವ ಸಾಕಿ, ಅವತ್ತು ಮೂಗಿಯಾದಳು. ತಡೆಯಲಿಲ್ಲವೆಂಬ ಮಾತು ತಮ್ಮ ತಲೆಗೇ ಬಂದೀತೆಂದು ಒಬ್ಬೊಬ್ಬರಿಗೂ ಭಯ. ಯಾರ ಯಾರ ಮುತ್ತಜ್ಜಿಯರು ಅವರೆಂದು ಹೇಳಿದರೆ ಇವತ್ತು ಅರ್ಧ ಊರು ನನ್ನ ಜೊತೆ ಮಾತು ಬಿಟ್ಟೀತು. ಮೊದಲ ಕಲ್ಲು ಜನರ ನಡುವಿನಿಂದ ಬಂತು. ಎರಡನೆಯದು ಹಳೆಯ ಗಾಯಕ್ಕೇ ತಗುಲಿತು. ಗೌಡ ಕೈಗೆ ಸಿಕ್ಕ ಗುದ್ದಲಿ ತಿರುಗಿಸಿ ಹಿಡಿದು, ಇಷ್ಟು ವರ್ಷ ತನಗೆ ಅನ್ನ ಬಡಿಸಿದವಳ ತಲೆಯ ಮೇಲೆ ಬೀಸಿದನು. ಮಗು ಅವಳ ಕಾಲು ಹಿಡಿದುಕೊಂಡಿತ್ತು. ಬಿಡಿಸಲು ಹೋದ ಹೊನ್ನಮ್ಮನ ಕೈ ಕಚ್ಚಿತು. ಕೆಂಪಾಜಮ್ಮನ ಉಸಿರು ಹೋದ ಮೇಲೂ ಕಲ್ಲು ಬೀಳುತ್ತಿದ್ದವು ಎನ್ನುತ್ತಾರೆ.

ಗುಡ್ಡ ಒಂದು ವಾರ ಹೊಗೆಯಾಡಿತು. ನೆತ್ತಿಯ ಬಂಡೆಸಾಲು ಅಡ್ಡ ಬಂದು ಮೂಡಣ ಮಗ್ಗುಲು ಉಳಿಯಿತು. ಪಡುವಣ ಮಗ್ಗುಲಿನಲ್ಲಿ ಬೇರು ಕೂಡ ಬೂದಿಯಾಯಿತು. ಮಳೆ ಬಂದೊಡನೆ ಹಿಡಿದಿಡುವ ಬೇರಿಲ್ಲದೆ ಮಣ್ಣೆಲ್ಲ ಇಳಿದು ಕೆರೆಗೆ ಬಂತು. ಕೆರೆಯ ನೀರು ಕಾಡಿಗೆಯಾಗಿ, ಮೀನು ಹೊಟ್ಟೆ ಮೇಲೆ ಮಾಡಿ ತೇಲಿದವು. ಜಿಂಕೆ ಸಿಗದ ಚಿರತೆ ಊರಿನ ನಾಯಿಗಳನ್ನು ಮುಗಿಸಿ, ಜಗಲಿಯ ಮೇಲೆ ಮಲಗಿದ್ದವರನ್ನು ಎಳೆಯಿತು. ಜೇನಿಲ್ಲ, ಗೆಡ್ಡೆಯಿಲ್ಲ, ಮೇವಿಲ್ಲ. ಉಳಿದ ದನಗಳನ್ನು ಹೊಡೆದುಕೊಂಡು ಅರ್ಧ ಊರು ಗುಳೆ ಹೋಯಿತು.

ಮತ್ತೆ ಸಂಕ್ರಾಂತಿ ಕಳೆಯಿತು. ಮೂಡಣ ಮಗ್ಗುಲಿನ ಹುಲ್ಲನ್ನಾದರೂ ಇಬ್ಬನಿಯಲ್ಲಿ ಸುಡಬೇಕೆಂದು ಉಳಿದವರು ಹೊಸ ಮಡಕೆ ತಂದು ಗೌಡನ ಬಾಗಿಲಲ್ಲಿ ಇಟ್ಟು, “ಗೌಡತಿ, ಎತ್ತಿಕೊಳ್ಳಿ” ಎಂದರು. ಹೊನ್ನಮ್ಮ ಆಸೆಪಟ್ಟ ಮಾತು ಕೊನೆಗೂ ಬಂತು. ಅಷ್ಟರಲ್ಲಿ ಒಳಗೆ ಒಲೆಯ ಬೆಂಕಿ ಕಂಡು ಮಾದ ಕಿರುಚಿದನು. ಆ ಒಂದು ವರ್ಷ ಅವನು ಅವಳನ್ನು ಅವ್ವ ಎಂದಿರಲಿಲ್ಲ, ಅವಳು ಕೊಟ್ಟ ತುತ್ತು ತಿಂದಿರಲಿಲ್ಲ. ಹೊನ್ನಮ್ಮ ಮಡಕೆಯನ್ನು ಕಾಲಿನಿಂದ ಸರಿಸಿ, ಒಲೆಗೆ ಕೈ ಹಾಕಿ, ಎರಡು ಅಂಗೈ ಸೇರಿಸಿ ಬೊಗಸೆಯಲ್ಲಿ ಕೆಂಡ ತುಂಬಿಕೊಂಡು ಹೊರಗೆ ಬಂದಳು. “ಮಡಕೆ ನಂದಲ್ಲ. ಇದು ನನ್ನ ಸವತಿ ಕೆಂಡ. ಹಚ್ಚಿದವಳು ನಾನು, ಕೊಂದವರು ನೀವು, ಬಾಯಿ ಮುಚ್ಚಿಕೊಂಡವರು ಅವರು” ಎಂದು ಹೆಸರು ಹೆಸರು ಹಿಡಿದು ಕೂಗುತ್ತ ಊರ ನಡುವೆ ನಡೆದಳು. ಅಂಗೈ ಸುಡುವ ವಾಸನೆ ಬೀದಿಗೆಲ್ಲ ಬಂತು. ಸಾಕಿ ಬಾಗಿಲು ಹಾಕಿಕೊಂಡಳು. ಹೊನ್ನಮ್ಮ ಗುಡ್ಡದ ಮೂಡಣ ಬುಡಕ್ಕೆ ಹೋಗಿ, ಗಾಳಿ ನೋಡಿ, ಇಬ್ಬನಿ ನೋಡಿ, ಹುಲ್ಲಿಗೆ ಕೆಂಡ ಸುರಿದಳು. ಬೆಂಕಿ ಮೆಲ್ಲಗೆ ಮೇಯ್ದು ಸಂಜೆಗೆ ಆರಿತು. ಅವಳ ಬೆರಳುಗಳು ಮತ್ತೆ ಬಿಡಿಸಲಾಗದಂತೆ ಕೂಡಿಕೊಂಡವು. ಮುದ್ದೇಗೌಡ ಅಂದು ಊರು ಬಿಟ್ಟವನು ಹೆಂಡದವಳ ಮನೆಗೂ ಹೋಗಲಿಲ್ಲ, ಎಲ್ಲಿಗೂ ಸೇರಲಿಲ್ಲ. ಮಾದ ದೊಡ್ಡವನಾಗಿ ಗೌಡನಾದ ಮೇಲೆ ಅವಳು ಸಾಯುವ ತನಕ ದಿನವೂ ಅವಳ ಬಾಯಿಗೆ ತುತ್ತಿಟ್ಟನು. ಅವ್ವ ಎಂದು ಮಾತ್ರ ಒಂದು ದಿನವೂ ಕರೆಯಲಿಲ್ಲ.

ಈಗ ಗುಡ್ಡದಲ್ಲಿ ಯಾವ ಕಾಲಕ್ಕೂ ಬೆಂಕಿ ಇಡುವಂತಿಲ್ಲ, ಇಟ್ಟರೆ ಜೈಲು. ಮೂಡಣ ಮಗ್ಗುಲಿನ ಹುಲ್ಲು ವರ್ಷದಿಂದ ವರ್ಷಕ್ಕೆ ಎತ್ತರವಾಗುತ್ತಿದೆ. ಬುಡದಲ್ಲಿ ಹುಣಸೆಮರದ ಕೆಳಗೆ ಒಂದು ಕಲ್ಲಿದೆ. ಅದರ ಮೇಲೆ ಎರಡು ಅಂಗೈ ಕೆತ್ತಿದ್ದಾರೆ. ಬಳೆಯಿಲ್ಲ, ಬೆರಳುಗಳ ನಡುವೆ ಗೆರೆಯೂ ಇಲ್ಲ. ನಡುವೆ ಬೊಗಸೆಯಷ್ಟು ಗುಳಿ. ಕಾರಿನಲ್ಲಿ ಬಂದವರು ದೇವಿಯ ಆಶೀರ್ವಾದದ ಹಸ್ತವೆಂದು ಕಣ್ಣಿಗೊತ್ತಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ಯಾರಾದರೂ ಆ ಗುಳಿಯಲ್ಲಿ ಕರ್ಪೂರ ಇಟ್ಟು ಕಡ್ಡಿ ಗೀರಲು ಹೋದರೆ, ದಾರಿಯಲ್ಲಿ ಹೋಗುವ ನಮ್ಮೂರಿನ ಹೆಂಗಸು ಯಾವಳೇ ಆಗಲಿ, ಹೊತ್ತ ಕೊಡ ಇಳಿಸಿ ಬಂದು ಅವರ ಕೈ ಹಿಡಿಯುತ್ತಾಳೆ. “ಇಲ್ಲಿ ಬೆಂಕಿ ಬೇಡ. ನೀರು ಹಾಕಿ” ಎನ್ನುತ್ತಾಳೆ.