ದೊಡ್ಡಿ ಸೇರಿದ ದೊರೆಯ ಹಂದಿಗಳು

ಕಣಿವೆಕೋಟೆಯ ದೊರೆ ಸರ್ಜಪ್ಪನಾಯಕನಿಗೆ 'ನನ್ನದು' ಎಂಬ ಮಾತೆಂದರೆ ಹೋಳಿಗೆ ತಿಂದಷ್ಟು ಖುಷಿ. ಕೋಟೆ ನನ್ನದು, ಕೆರೆ ನನ್ನದು, ಕೆರೆಯಲ್ಲಿ ಕಾಣುವ ಚಂದ್ರನೂ ನನ್ನದು ಅನ್ನುತ್ತಿದ್ದ. ಸುತ್ತ ಕೂತವರು ಹೌದು ಹೌದು ಅನ್ನುತ್ತಿದ್ದರು. ಹೌದಪ್ಪಗಳಿಗೆ ಯಾವ ಆಸ್ಥಾನದಲ್ಲಿ ಬರ?

ಒಮ್ಮೆ ಅವನಿಗೆ ಮರದ ಮಂಟಪ ಕಟ್ಟಿಸುವ ಹುಚ್ಚು ಹತ್ತಿ, ಕರಡಿಗುಡ್ಡದ ಕಾಡಿಗೆ ಕೊಡಲಿ ಬಿತ್ತು. ಅರ್ಧ ಗುಡ್ಡ ಬೋಳಾದಾಗ ಗುಡ್ಡದ ಬುಡದಲ್ಲಿ ಹೊಲವಿದ್ದ ತಿಪ್ಪಕ್ಕ ಅಳುತ್ತ ಬಂದಳು.

"ಬುದ್ಧೀ, ಕಾಡು ಹೋದ ಮ್ಯಾಲೆ ಹಂದಿಗಳೆಲ್ಲಾ ನನ್ನ ಜೋಳದ ಹೊಲಕ್ಕೆ ಇಳಿದಾವೆ. ಇನ್ನೊಂದು ಪಟ್ಟೆ ಜೋಳ ಉಳಿದೈತೆ. ಅದೂ ಹೋದ್ರೆ ಮಕ್ಳ ಬಾಯಿಗೆ ಮಣ್ಣೇ ಗತಿ. ಉಳಿದ ಕಾಡನ್ನಾದ್ರೂ ಬಿಟ್ಟುಬಿಡಿ."

ದೊರೆ ಮೀಸೆ ತಿರುವಿದ. "ಗುಡ್ಡ ನನ್ನದು. ಅಲ್ಲಿನ ಮರ ನನ್ನದು, ಮೃಗ ನನ್ನದು, ಹುಲ್ಲುಕಡ್ಡಿಯೂ ನನ್ನದು. ನನ್ನದನ್ನ ನಾನು ಕಡಿದರೆ ಕೇಳೋಕೆ ನೀನ್ಯಾರು?"

ಆಸ್ಥಾನದಲ್ಲಿ ದೊರೆಯನ್ನು ನಗಿಸುವ ಕೆಲಸ ಓಬಯ್ಯನದು. ತಿಪ್ಪಕ್ಕನ ಮುಖ ನೋಡಿ ಅವನಿಗೆ ಅಯ್ಯೋ ಅನ್ನಿಸಿತು. ಆದರೂ ಹಲ್ಲು ಕಿರಿದುಕೊಂಡೇ ಎದ್ದ.

"ಹಂದಿಗಳೂ ತಮ್ಮವೇ ಏನು, ಮಹಾಸ್ವಾಮಿ?"

"ಎಷ್ಟು ಸಲ ಹೇಳಲಿ? ಒಂದೊಂದು ಮರಿಯೂ ನನ್ನದೇ!"

"ಸಭೆ ಕೇಳಿಸಿಕೊಂಡಿತು. ಅಷ್ಟು ಸಾಕು," ಎಂದು ಓಬಯ್ಯ ಕೈಮುಗಿದು ಹೊರಟ.

ಆ ಸೀಮೆಯಲ್ಲೊಂದು ಕಟ್ಟಳೆಯಿತ್ತು. ಯಾರದಾದರೂ ದನ ಇನ್ನೊಬ್ಬರ ಹೊಲ ಮೇದರೆ ಅದನ್ನು ಊರ ದೊಡ್ಡಿಯಲ್ಲಿ ಕೂಡಿಹಾಕುತ್ತಿದ್ದರು. ಒಡೆಯನೇ ಖುದ್ದಾಗಿ ಬಂದು, ಹೊಲದವರ ಮುಂದೆ "ತಪ್ಪಾಯಿತು" ಎಂದು, ದನವನ್ನು ತನ್ನ ಕೊಟ್ಟಿಗೆಗೆ ಹೊಡೆದುಕೊಂಡು ಹೋಗಬೇಕು. ಆಳನ್ನು ಕಳಿಸುವಂತಿಲ್ಲ. ಈ ಕಟ್ಟಳೆ ಮಾಡಿದವನು ಸರ್ಜಪ್ಪನಾಯಕನೇ. ಅದನ್ನು ಹೇಳಿಕೊಂಡು ಎದೆಯುಬ್ಬಿಸುತ್ತಿದ್ದವನೂ ಅವನೇ.

ಓಬಯ್ಯ ದೊಡ್ಡಿಯೊಳಗೆ ಬೆಲ್ಲ ಕಲಸಿದ ತೌಡು ಸುರಿಸಿ ಬಾಗಿಲು ತೆರೆದಿಟ್ಟ. ಹಸಿದ ಹಂದಿಗಳು ಸಂಸಾರ ಸಮೇತ ಒಳಗೆ ಬಂದವು. ಹಳ್ಳಿಯವರು ಬಾಗಿಲು ಜಡಿದರು. ಮರುದಿನ ಅರಮನೆಗೆ ಸುದ್ದಿ ಹೋಯಿತು: ದೊರೆಗಳ ಜಾನುವಾರು ದೊಡ್ಡಿ ಸೇರಿವೆ.

ತನ್ನ ಹೋರಿಗಳೇ ಇರಬೇಕೆಂದು ದೊರೆ ಗಾಬರಿಯಿಂದ ಓಡಿ ಬಂದ. ಇಣುಕಿ ನೋಡಿದರೆ ಕೆಸರು ಮೆತ್ತಿಕೊಂಡ ಹಂದಿಗಳು!

"ಥೂ! ಇವು ನನ್ನವಲ್ಲ!"

"ಹಾಗಾದರೆ ಒಳ್ಳೆಯದೇ ಆಯಿತು," ಎಂದ ಓಬಯ್ಯ. "ಹಂದಿ ತಮ್ಮದಲ್ಲವಾದರೆ ಮರವೂ ತಮ್ಮದಲ್ಲ. ಎರಡನ್ನೂ ಒಂದೇ ಉಸಿರಲ್ಲಿ ಹೇಳಿದ್ದಿರಿ. ಕೊಡಲಿ ಕೆಳಗಿಡೋಕೆ ಹೇಳಲೇ?"

ದೊರೆ ತನ್ನ ಹಿಂದೆಯೇ ಓಡಿಬಂದಿದ್ದ ಹೌದಪ್ಪಗಳ ಕಡೆ ನೋಡಿದ. ಅವರೆಲ್ಲ ಆಕಾಶ ನೋಡುತ್ತಿದ್ದರು.

"ಆಯಿತು, ನನ್ನವೇ!" ಎಂದು ಹಲ್ಲು ಕಡಿದು, ಹಳ್ಳಿಯವರ ನಡುವೆ ನಿಂತಿದ್ದ ತಿಪ್ಪಕ್ಕನ ಕಡೆ ತಿರುಗಿ, "ತಪ್ಪಾಯಿತು" ಎಂದು ಗೊಣಗಿದ. "ಇನ್ನು ಇವನ್ನ ಎಲ್ಲಿಗಾದರೂ ಅಟ್ಟಿ."

"ಎಲ್ಲಿಗಾದರೂ ಅಲ್ಲ, ಕಟ್ಟಳೆಯ ಪ್ರಕಾರ ಕೊಟ್ಟಿಗೆಗೇ ಹೋಗಬೇಕು."

"ಕಾಡುಹಂದಿಗೆ ಎಲ್ಲಿಯ ಕೊಟ್ಟಿಗೆಯೋ?"

"ಇತ್ತಲ್ಲ, ಮಹಾಸ್ವಾಮಿ. ಅದನ್ನೇ ಕಡಿಸಿ ತಾವು ಮಂಟಪ ಕಟ್ಟಿಸುತ್ತಿದ್ದೀರಿ. ಅಲ್ಲಿಗೇ ಹೊಡೆದುಕೊಂಡು ಹೋಗಿ. ಅವುಗಳ ಮನೆಯ ಮರವೇ ತಾನೆ, ವಾಸನೆ ಹಿಡಿದು ತಾವಾಗಿಯೇ ಒಳಗೆ ಹೋಗುತ್ತವೆ."

ಹೊಸ ಮಂಟಪದಲ್ಲಿ ಹಂದಿಗಳ ಒಡ್ಡೋಲಗ ದೊರೆಯ ಕಣ್ಣಿಗೆ ಕಟ್ಟಿತು. ಮೊದಲು ಮುಖ ಗಂಟಿಕ್ಕಿದ, ಆಮೇಲೆ ತಡೆಯಲಾರದೆ ಹೊಟ್ಟೆ ಹಿಡಿದು ನಕ್ಕ. ಕೊಡಲಿಗಳು ಅಂದೇ ನಿಂತವು. ಬೋಳುಗುಡ್ಡಕ್ಕೆ ಸಸಿ ನೆಡಿಸಿ, ಅದು ಕಾಡಾಗುವ ತನಕ ತಿಪ್ಪಕ್ಕನ ಹೊಲಕ್ಕೆ ಅರಮನೆಯಿಂದಲೇ ಕಾವಲು ಹಾಕುವುದೆಂದು ಅಪ್ಪಣೆಯಾಯಿತು.

"ಮೆಚ್ಚಿದೆ ಕಣೋ, ಓಬಯ್ಯ! ಇವತ್ತಿನಿಂದ ಕರಡಿಗುಡ್ಡವೇ ನಿನಗೆ ಉಂಬಳಿ. ಎಲ್ಲವೂ ನಿನ್ನದೇ, ತಗೋ!"

ಓಬಯ್ಯ ಹೌಹಾರಿ ದೊರೆಯ ಕಾಲಿಗೆ ಬಿದ್ದ.

"ಅದೊಂದು ಬೇಡ, ಮಹಾಸ್ವಾಮಿ! ನನ್ನದು ಅಂದ ಮೇಲೆ ನೋಡಿಕೊಳ್ಳಬೇಕಲ್ಲ!"