ದೇವೀರಮ್ಮ ಕೇಳಿದ ಹೂವಿನ ಚಹಾ

ಮೋಡಗಳು ದಣಿವಾರಿಸಿಕೊಳ್ಳಲು ಕೂರುವ ಒಂದು ಬೆಟ್ಟವಿತ್ತು. ಎಲ್ಲಿ ಎಂದು ಕೇಳಬೇಡಿ. ಹೋದ ಸಲ ಹೇಳುವಾಗ ಮೂಡಲಿಗಿತ್ತು, ಈಗ ಪಡುವಲಿಗೆ ಜರುಗಿದೆ. ಅದರ ಕಣಿವೆದಾರಿಯಲ್ಲಿ ಮರಿಲಿಂಗಯ್ಯನ ಚಹಾದಂಗಡಿ. ಹಾಲು ಹಾಕಿದ್ದಲ್ಲ, ಬೆಟ್ಟದ ಕಾಡುಸೇವಂತಿಗೆ ಹೂವಿನ ಚಹಾ. ಅದನ್ನು ಕುಡಿದು ಒಬ್ಬ ತಹಶೀಲ್ದಾರರು ಅತ್ತೇಬಿಟ್ಟರಂತೆ. ಅತ್ತದ್ದು ನಿಜ. ನಾಲಿಗೆ ಸುಟ್ಟಿತ್ತು ಅನ್ನುವವರೂ ಇದ್ದಾರೆ.

ಹೆಸರು ಮರಿಲಿಂಗಯ್ಯನದು, ದುಡಿತ ಅವನ ಹೆಂಡತಿ ದೇವೀರಮ್ಮನದು. ಚಳಿ ಶುರುವಾದಾಗ ಬೆಟ್ಟ ಹತ್ತಿ, ಅರೆಬಿರಿದ ಪುಟ್ಟ ಹಳದಿ ಹೂಗಳನ್ನು ಬಿಡಿಸುತ್ತಿದ್ದವಳು ಅವಳು. ಉಪ್ಪುನೀರಲ್ಲಿ ಅದ್ದಿ ತೆಗೆದು, ಬಟ್ಟೆಯ ಮೇಲೆ ಹರವಿ ಒಂದಿಷ್ಟು ಹಬೆ ತೋರಿಸಿ, ಮೊರದಲ್ಲಿ ನೆರಳಿಗೆ ಒಣಗಿಸುತ್ತಿದ್ದವಳೂ ಅವಳೇ. ಮೊದಲ ನೀರಿನ ಚಹಾ ಗಿರಾಕಿಗಳಿಗೆ. ಅದೇ ಹೂವಿಗೆ ಮತ್ತೊಮ್ಮೆ ಬಿಸಿನೀರು ಹೊಯ್ದರೆ ಬರುವ ತೆಳ್ಳನೆಯ ಎರಡನೇ ನೀರು ದೇವೀರಮ್ಮನಿಗೆ. ಮದುವೆಯಾದಂದಿನಿಂದ ಹಾಗೇ ನಡೆದಿತ್ತು. ಯಾರೂ ಹಾಕಿದ ಕಟ್ಟಳೆಯಲ್ಲ. ಯಾರೂ ಮುರಿಯಲೂ ಇಲ್ಲ.

ಒಂದು ಚಳಿಗಾಲ ದೇವೀರಮ್ಮ ಹಾಸಿಗೆ ಹಿಡಿದಳು. ಎದೆಯಲ್ಲಿ ಕಫ ಕಟ್ಟಿತ್ತು. ವೈದ್ಯರು ಬಂದು ನಾಡಿ ಹಿಡಿದು ನೋಡಿ, ಮದ್ದಿನ ಚೀಲ ಬಿಚ್ಚದೆಯೇ ಚಪ್ಪಲಿ ಮೆಟ್ಟಿದರು. ಮಂಜು ಬಾಗಿಲತನಕ ಬಂದಿದ್ದ ಆ ಮಧ್ಯಾಹ್ನ ಅವಳು ಕೇಳಿದಳು.

"ಏನಂದ್ರೆ, ಒಂದು ಲೋಟ ಹೂವಿನ ಚಹಾ ಕೊಡ್ತೀರಾ? ಬೆಳಗಿನ ಎರಡನೇ ನೀರಿದ್ರೂ ಆಯ್ತು."

ಮರಿಲಿಂಗಯ್ಯ ತಟ್ಟನೆ ಎದ್ದು ನಿಂತ. "ಬಿಡ್ತು ಅನ್ನು! ಇವತ್ತು ನಿನಗೆ ಮೊದಲನೇದು. ಯಾವ ರಾಜನೂ ಕುಡಿದಿರಬಾರದು, ಅಂಥದ್ದು ಮಾಡ್ತೀನಿ."

"ನಿಮ್ಮಂಗಡೀಗೆ ಯಾವ ರಾಜ ಬಂದಿದ್ದ?" ಎಂದು ಅವಳು ನಕ್ಕಳು. ನಗು ಕೆಮ್ಮಾಯಿತು. "ಬೇಗ ಬನ್ನಿ."

ಅವನು ಒಲೆ ಹಚ್ಚಿದ. ನೀರು ಕುದಿಯಿತು. ಕುದಿಯುವ ನೀರು ಹೊಯ್ದರೆ ಹೂವು ಬೆಂದುಹೋಗುತ್ತದೆ. ಇಳಿಸಿ, ಗುಳ್ಳೆ ಅಡಗುವವರೆಗೆ ಬಿಟ್ಟ. ಲೋಟಕ್ಕೆ ಚಿಟಿಕೆ ಹೂವು ಹಾಕಿ, ನೀರು ಹೊಯ್ದು, ತಟ್ಟೆ ಮುಚ್ಚಿದ. ತಟ್ಟೆ ತೆಗೆಯುವುದು ಕೊಂಚ ತಡವಾಯಿತು. ರುಚಿ ನೋಡಿದರೆ ಕಹಿಯ ಒಂದೆಳೆ. ಹಿತ್ತಿಲಿಗೆ ಚೆಲ್ಲಿದ.

ಎರಡನೆಯದಕ್ಕೆ ಹಸಿ ಸೌದೆಯ ಹೊಗೆವಾಸನೆ ಹಿಡಿಯಿತು. ಅದನ್ನೂ ಚೆಲ್ಲಿದ.

ರೋಗಿಯ ಬಳಿ ಕೂತಿದ್ದ ಪಕ್ಕದ ಮನೆಯ ಸಾಕಕ್ಕ ಎದ್ದು ಬಂದಳು. "ಮಾರಾಯ, ನೀನೇನು ಬೀಗರೂಟಕ್ಕೆ ಬಡಿಸ್ತಿದ್ದೀಯಾ? ಅವಳಿಗೆ ಬಾಯಿ ಒಣಗಿದೆ. ನಾನು ನೀರು ಹಿಡಿದರೆ ತಲೆ ಆಚೆ ತಿರುಗಿಸ್ತಾಳೆ. 'ಅವರು ತರ್ತಾರೆ, ತಡಿ' ಅಂತಾಳೆ. ಆದದ್ದು ಕೊಡೋ."

"ಊರವರಿಗೆಲ್ಲ ಒಳ್ಳೇದು ಕೊಟ್ಟು ಇವಳಿಗೆ ಕೆಟ್ಟದ್ದು ಕೊಡ್ಲಾ ಸಾಕಕ್ಕ? ಇದೊಂದು ಸಲನಾದ್ರೂ ನೆಟ್ಟಗಿರೋದು ಕೊಡ್ತೀನಿ."

ಮೂರನೆಯದು ಚೆನ್ನಾಗಿಯೇ ಇತ್ತು. ಆದರೆ ಲೋಟದಲ್ಲಿ ಒಂದೆರಡು ಹೂವು ಅರಳದೆ ಮುದುಡಿಕೊಂಡಿದ್ದವು. ಗಿರಾಕಿಗಾದರೆ ಕೊಟ್ಟೇಬಿಡುತ್ತಿದ್ದ. ಹೆಂಡತಿಗೆ ಇದು ಸಾಲದು ಎಂದು ಚೆಲ್ಲಿದ.

ಕೊನೆಗೊಮ್ಮೆ ಎಲ್ಲ ಕೂಡಿಬಂತು. ಎಳೆಬಿಸಿಲಿನ ಬಣ್ಣ, ಒಂದೊಂದು ಹೂವೂ ಬೆಟ್ಟದ ಮೇಲೆ ಅರಳಿದಂತೆ ಅರಳಿತ್ತು, ಘಮ ಒಳಮನೆಯವರೆಗೆ ಹರಡಿತ್ತು. ಒಂದು ತೊಟ್ಟು ಜೇನು ಬಿಟ್ಟು, ಎರಡೂ ಕೈಯಲ್ಲಿ ಹಿಡಿದು, ತುಳುಕದಂತೆ ಒಳಗೆ ನಡೆದ.

ಸಾಕಕ್ಕ ಆಗಲೇ ದೇವೀರಮ್ಮನ ಕಣ್ಣು ಮುಚ್ಚಿಸಿದ್ದಳು.

"ಯಾವಾಗ?" ಎಂದ.

"ಕೊನೇ ಸಲ ಚೆಲ್ಲಿದೆಯಲ್ಲ, ಆ ಸದ್ದು ಕೇಳಿಸ್ತು ಅವಳಿಗೆ. 'ಇನ್ನೂ ಆಗಿಲ್ವಂತಾ?' ಅಂದ್ಲು. ಅಷ್ಟೇ ಕಣಪ್ಪ."

ಈ ಕಥೆ ಹೇಳುವವರು ಇಲ್ಲೊಂದು ಸುಳ್ಳು ಸೇರಿಸುವುದುಂಟು. ಘಮಕ್ಕೆ ಅವಳು ಕಣ್ಣು ಬಿಟ್ಟಳು, ಒಂದು ಗುಟುಕು ಕುಡಿದಳು, ನಕ್ಕಳು ಎಂದು. ಇಲ್ಲ ಮಕ್ಕಳೇ. ಅವಳು ಕುಡಿಯಲಿಲ್ಲ. ಮರಿಲಿಂಗಯ್ಯ ಅವಳ ತಲೆದಿಂಬಿನ ಪಕ್ಕ ಲೋಟ ಹಿಡಿದೇ ಕೂತ. ಅವನ ಕೈಯಲ್ಲಿ ಅಷ್ಟು ಒಳ್ಳೆಯ ಚಹಾ ಹಿಂದೆ ಆಗಿರಲಿಲ್ಲ, ಮುಂದೆಯೂ ಆಗಲಿಲ್ಲ. ಅದು ಅಲ್ಲೇ ತಣ್ಣಗಾಯಿತು.

ನೀತಿ: ನಮ್ಮವರು ಬಾಯಿಬಿಟ್ಟು ಕೇಳಿದ್ದನ್ನು ಕೇಳಿದ ಗಳಿಗೆಯಲ್ಲೇ ಕೊಡಬೇಕು. ಅದಕ್ಕಿಂತ ಒಳ್ಳೆಯದನ್ನು ಕೊಡುತ್ತೇನೆಂದು ಅವರನ್ನು ಕಾಯಿಸಬಾರದು.