ತೇಲಿದ ಬೀಗರು

ಹೊಳೆಯ ಈಚೆ ದಂಡೆಯಲ್ಲಿ ಹುಲಿಗೆವ್ವ ಅಂತ ಒಬ್ಬ ಅಂಬಿಗರ ಹೆಂಗಸು ಇದ್ದಳು ನೋಡ್ರಿ. ಅವಳಿಗೆ ಒಬ್ಬನೇ ಮಗ, ಗಾಳೆಪ್ಪ. ಮೈಯಲ್ಲಿ ಎತ್ತಿನ ಬಲ. ಸುಳಿಯಿದ್ದಲ್ಲೂ ಹರಗೋಲನ್ನು ನೆಟ್ಟಗೆ ದಾಟಿಸುವವನು. ಮೀಸೆ ಬಂದು ಎಷ್ಟೋ ವರ್ಷವಾಗಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲೇ ಇತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಅವಳಿಗೆ ಸಂಕಟ.

"ನಾ ಸತ್ತರ ಇವನಿಗೆ ಕೂಳು ಹಾಕೋರು ಯಾರು?" ಅಂತ ಊರೂರು ತಿರುಗಿ ಹೆಣ್ಣು ಕೇಳಿದಳು. ಕಡೆಗೆ ಆಚೆ ದಂಡೆಯವರೊಬ್ಬರು, "ಮೊದಲು ಮನೆ ನೋಡ್ತೀವಿ, ಆಮೇಲೆ ಮಾತು" ಅಂದರು. ಅವರು ಬರುವ ದಿನ ಹುಲಿಗೆವ್ವ ಒಂದು ಕಡೆ ನಿಲ್ಲಲಿಲ್ಲ. ಒಲೆ ಊದಿದಳು, ಹೊಳೆ ನೋಡಿದಳು. ಕಸ ಹೊಡೆದಳು, ಮತ್ತೆ ಹೊಳೆ ನೋಡಿದಳು.

"ಗಾಳೆಪ್ಪಾ! ಅಂಗಡಿಗೆ ಓಡು. ಹೋಳಿಗಿಗೆ ಎರಡು ಕಿಲೋ ಬೆಲ್ಲ, ದಿಂಬಿಗೆ ಎರಡು ಕಿಲೋ ಅರಳೆ. ಬೆಲ್ಲ ಎಷ್ಟೋ ಅರಳೇನೂ ಅಷ್ಟ. ಹೆಚ್ಚುಕಡಿಮಿ ಆಗಬಾರದು!"

"ಹೂನವ್ವಾ!"

ಓಡಿದ. ಅಂಗಡಿಯವನು ಎರಡನ್ನೂ ತೂಗಿ ಕೊಟ್ಟ. ಗಾಳೆಪ್ಪ ನೋಡುತ್ತಾನೆ, ಬೆಲ್ಲದ ಅಚ್ಚು ಕಂಕುಳಲ್ಲಿ ಹಿಡಿಸುತ್ತದೆ, ಅರಳೆಯ ಗಂಟು ತಬ್ಬಿದರೂ ಹಿಡಿಸುವುದಿಲ್ಲ! "ಇವೆರಡೂ ಅಷ್ಟಕ್ಕಷ್ಟ ಹೆಂಗಾಗ್ತಾವು?" ಅಂದ. ದಾರಿಯಲ್ಲಿ ಕೂತ. ಅರಳೆಯನ್ನು ಕಿತ್ತ, ಗಾಳಿಗೆ ಬಿಟ್ಟ. ಮತ್ತೆ ಕಿತ್ತ, ಮತ್ತೆ ಬಿಟ್ಟ. ಬೆಲ್ಲದಷ್ಟೇ ಗಾತ್ರದ ಅರಳೆ ಉಳಿದ ಮೇಲೆ ಎದ್ದು ಮನೆಗೆ ಬಂದ.

"ಅಯ್ಯೋ! ಉಳಿದ ಅರಳೆ ಎಲ್ಲೋ?"

"ಹೆಚ್ಚಾಗಿತ್ತು, ತೆಗೆದೆ. ಈಗ ಎರಡೂ ಅಷ್ಟಕ್ಕಷ್ಟ, ನೋಡು!"

"ಇದರಾಗ ಇಲಿಗೂ ದಿಂಬಾಗಂಗಿಲ್ಲೋ! ಅರಳೆ ಅರಳಿಕೊಂಡು ಕೂಡತೈತಿ, ಬೆಲ್ಲ ಒತ್ತಿಕೊಂಡು ಕೂಡತೈತಿ. ಕಣ್ಣಿಗೆ ಎಷ್ಟು ಕಾಣತೈತಿ ಅಂತ ನೋಡೋದಲ್ಲ! ಏನ ತಂದರೂ ತಕ್ಕಡಿಗೆ ಹಾಕು, ತೂಗು, ಆಮ್ಯಾಲೆ ತಾ!"

"ಹೂನವ್ವಾ!"

"ಹೋಗು, ಪಕ್ಕದ ಮನಿ ಲಾಲಬಿ ಚಿಗವ್ವನ ಹತ್ರ ಒಂದು ಕಿಲೋ ಹಾಲು ತಾ. ಲಗೂನ ಬಾ!"

ಗಾಳೆಪ್ಪ ತಂಬಿಗೆ ಬಿಟ್ಟ, ಮೀನು ತೂಗುವ ತಕ್ಕಡಿ ಹೊತ್ತ. ಅದಕ್ಕೆ ಎರಡು ಬಿದಿರಿನ ಬುಟ್ಟಿ. ಲಾಲಬಿ ಹಾಲಿನ ಕೊಡ ಇಟ್ಟು ಕರು ಕಟ್ಟಲು ಹೋದದ್ದೇ ತಡ, ಇವನು ಒಂದು ಬುಟ್ಟಿಗೆ ತೂಕದ ಕಲ್ಲು ಹಾಕಿದ, ಇನ್ನೊಂದಕ್ಕೆ ಹಾಲು ಸುರಿದ. ಕಲ್ಲು ಮೇಲೇಳಲಿಲ್ಲ. ಇನ್ನಷ್ಟು ಸುರಿದ. ಏಳಲಿಲ್ಲ. ಕೊಡವನ್ನೇ ಬೋರಲು ಹಾಕಿದ!

"ಚಿಗವ್ವಾ, ನಿನ್ನ ಎಮ್ಮಿ ಹಾಲಿಗೆ ತೂಕನ ಇಲ್ಲ!"

ಲಾಲಬಿ ಕೋಲು ಹಿಡಿದು ಅಟ್ಟಿಸಿಕೊಂಡು ಬಂದಳು. ಹುಲಿಗೆವ್ವ ಅವಳ ಕೈ ಹಿಡಿದು, ಗಲ್ಲ ಹಿಡಿದು ಸಮಾಧಾನ ಮಾಡಿ ಕಳಿಸಿದಳು.

"ಹಾಲು ಬುಟ್ಟಿಯಾಗ ನಿಲ್ಲತೈತೇನೋ ಪೆದ್ದಾ! ಪಾತ್ರಿಯಾಗ ತರಬೇಕು. ಪಾತ್ರಿ ತುಂಬ ಇರಬೇಕು, ಒಂದು ಕಡ್ಡಿ ತೂರೋವಷ್ಟೂ ಸಂದು ಇರಬಾರದು!"

"ಹೂನವ್ವಾ!"

ಹೊತ್ತು ನೆತ್ತಿಗೆ ಬರುತ್ತಿತ್ತು. ಅವಳು ಹೊಳೆ ನೋಡಿದಳು. "ಹಾಲು ಹೋಗಲಿ. ಮೂಲಿಮನಿಯಿಂದ ಒಂದು ಗಡಿಗಿ ಮೊಟ್ಟಿ ತಾ. ಓಡು!"

ಗಡಿಗೆ ತುಂಬ ಮೊಟ್ಟೆ ಕೊಟ್ಟರು. ಗಾಳೆಪ್ಪ ಇಣುಕಿದ. ಮೊಟ್ಟೆ ಮೊಟ್ಟೆ ನಡುವೆ ಸಂದು! ಕಡ್ಡಿ ತೂರಿಸಿದ, ತೂರಿತು! "ಅವ್ವ ಬೈತಾಳ" ಅಂತ ಮೊಣಕೈ ಊರಿ ಒತ್ತಿದ. ಸಂದು ಮುಚ್ಚಿತು, ಗಡಿಗೆ ಅರ್ಧಕ್ಕಿಳಿಯಿತು. "ಇನ್ನಷ್ಟು ಹಿಡಸ್ತಾವು, ಹಾಕ್ರಿ!" ಅಂದ. ಹಾಕಿದರು. ಮತ್ತೆ ಒತ್ತಿದ.

ಹುಲಿಗೆವ್ವ ಮುಚ್ಚಳ ತೆಗೆದಳು. ಗಬ್ಬು ವಾಸನೆ! ಮೂಗು ಮುಚ್ಚಿಕೊಂಡು ಕುಸಿದು ಕೂತಳು. ಅಳಬೇಕು ಅನ್ನಿಸಿತು, ಅಳಲು ಹೊತ್ತಿರಲಿಲ್ಲ.

"ಒಡೆದದ್ದೂ ಅಲ್ಲದ ಕೊಳೆತದ್ದೂ ತಂದಿಯಲ್ಲೋ! ಮನಿಗೆ ತರೋ ಮೊದಲ ನೀರಿಗೆ ಬಿಟ್ಟು ನೋಡಬೇಕೋ! ಮುಳುಗಿದ್ದು ಒಳ್ಳೇದು, ಮನಿಗೆ ತರೋದು. ತೇಲಿದ್ದು ಕೆಟ್ಟದ್ದು, ಅಲ್ಲೇ ಬಿಡೋದು. ತಲಿಗೆ ಹೋತೇನು?"

"ಹೋತವ್ವಾ! ಮುಳುಗಿದ್ದು ಒಳ್ಳೇದು, ತೇಲಿದ್ದು ಕೆಟ್ಟದ್ದು!"

ಅಷ್ಟರಲ್ಲಿ ಆಚೆ ದಂಡೆಯಿಂದ ಕೂಗು ಕೇಳಿತು. ಹುಡುಗಿಯ ಅಪ್ಪ, ಅವ್ವ, ಸೋದರಮಾವ ಮೂವರೂ ಬಂದು ನಿಂತಿದ್ದರು. ಹುಲಿಗೆವ್ವ ಮಗನನ್ನು ದಂಡೆಗೆ ತಳ್ಳಿದಳು.

"ಹೋಗಪಾ, ಹರಗೋಲು ಹಾಕು. ಬೀಗರನ್ನ ಮನಿಗೆ ಕರಕೊಂಡು ಬಾ. ಬಾಯಿ ಬಿಡಬ್ಯಾಡ!"

"ಹೂನವ್ವಾ!"

ಅವಳು ಒಳಗೋಡಿದಳು. ಸೀರೆ ಬದಲಿಸಿದಳು, ಕಂಬಳಿ ಹಾಸಿದಳು, ಬೀಗರ ಕಾಲಿಗೆ ನೀರು ತುಂಬಿಕೊಂಡು ದಂಡೆಗೆ ಬಂದಳು.

ಹರಗೋಲು ತಿರುಗುತ್ತಾ ಬಂತು. ಒಳಗೆ ಗಾಳೆಪ್ಪ ಒಬ್ಬನೇ! ಅತ್ತ ಆಚೆ ದಂಡೆಯಲ್ಲಿ ಮೂವರು ಬಟ್ಟೆ ಹಿಂಡುತ್ತಿದ್ದಾರೆ. ಒಬ್ಬ ಒದ್ದೆ ರುಮಾಲು ಬೀಸಿ ಬೀಸಿ ಬೈಯುತ್ತಿದ್ದಾನೆ.

"ಬೀಗರೆಲ್ಲೋ?" ಅಂತ ಚೀರಿದಳು ಹುಲಿಗೆವ್ವ.

"ಆ ಬೀಗರು ಬ್ಯಾಡವ್ವಾ!" ಅಂದ ಗಾಳೆಪ್ಪ. "ದಂಡಿ ಬಿಟ್ಟದ್ದ ತಡ, ಹರಗೋಲು ವಾಲಿಸಿ ಮೂರೂ ಮಂದೀನ ನೀರಿಗೆ ಬಿಟ್ಟೆ. ಮಾವ ತೇಲಿದ. ಅತ್ತಿ ತೇಲಿದಳು. ಸೋದರಮಾವನ್ನ ಎರಡು ಸಲ ಒತ್ತಿ ನೋಡಿದೆ, ಎರಡು ಸಲಾನೂ ಮ್ಯಾಲೆ ಬಂದ! ಒಬ್ಬರರೆ ಮುಳುಗಬಾರದ? ಎಲ್ಲಾ ಕೆಟ್ಟಾವವ್ವಾ, ಅಲ್ಲೇ ಬಿಟ್ಟು ಬಂದೆ!"